ಕಾರು ಬಂತಾ?

ಅಪ್ಪನಿಗೆ ಕಣ್ಣು ಹೋಗಿ ನಾಲ್ಕು ವರ್ಷ. ಈಗೀಗ ನೆನಪೂ ಕೈಕೊಟ್ಟು, ಸ್ವಂತ ಮಗಳನ್ನೇ "ಯಾರಮ್ಮಾ ನೀನು?" ಎನ್ನುತ್ತಿದ್ದರು. ರಿಪೇರಿಗೆ ಹೋದ ಕಾರನ್ನು ಮಾತ್ರ ಮರೆತಿರಲಿಲ್ಲ. ದಿನವೂ ಜಗಲಿಯಲ್ಲಿ ಕೂತು "ಕಾರು ಬಂತಾ?" ಎಂದು ಕೇಳುತ್ತಿದ್ದರು.

"ಇದರ ಎಂಜಿನ್ ಕಥೆ ಮುಗೀತು ಕಣಮ್ಮಾ," ಎಂದ ಗ್ಯಾರೇಜಿನ ಮೇಸ್ತ್ರಿ. "ಇಂಥದ್ದು ಈಗ ಎಲ್ಲೂ ಸಿಗಲ್ಲ. ಬೇಕಾದ್ರೆ ಟೆಂಪೋದ ಡೀಸೆಲ್ ಎಂಜಿನ್ ಕೂರಿಸ್ತೀನಿ."

"ಏನಾದ್ರೂ ಮಾಡಿ. ಸೀಟು, ಸ್ಟೇರಿಂಗು ಮಾತ್ರ ಮುಟ್ಟಬೇಡಿ. ಕೈಗೆ ಸಿಕ್ಕರೆ ಅಪ್ಪ ಗುರುತು ಹಿಡೀತಾರೆ. ಆಮೇಲೆ ನನ್ನ ಹೆಸರೂ ನೆನಪಾಗಬಹುದು."

ಎಂಟು ತಿಂಗಳು ಹಿಡಿಯಿತು. ಎಂಜಿನ್ನಿಗೆ ಜಾಗ ಸಾಲದೆ ಮುಂದಿನ ತಗಡು ಕೊಯ್ದು ಬೆಸುಗೆ ಹಾಕಬೇಕಾಯಿತು. ಕೊನೆಗೊಂದು ಬೆಳಿಗ್ಗೆ ಅವಳೇ ಓಡಿಸಿಕೊಂಡು ಬಂದು ಜಗಲಿಯ ಮುಂದೆ ನಿಲ್ಲಿಸಿದಳು. ಅಪ್ಪನಿಗೆ ಕೇಳಲಿ ಎಂದು ಎಂಜಿನ್ ಆಫ್ ಮಾಡಲಿಲ್ಲ.

ಅಪ್ಪ ಕಿವಿಗೊಟ್ಟು ಕೇಳಿದರು. ಗೋಡೆ ಹಿಡಿದು ಎದ್ದು ನಿಂತರು.

"ಯಾರಮ್ಮಾ ಅಲ್ಲಿ? ಆ ಟೆಂಪೋದವನಿಗೆ ಬಾಗಿಲು ಬಿಟ್ಟು ಆಚೆ ನಿಲ್ಲಿಸೋಕೆ ಹೇಳಿ. ನನ್ನ ಕಾರು ಬರೋ ಹೊತ್ತಾಯ್ತು."