ಆರು ತಿಂಗಳ ಬೀಗ

ಇಂದುಮತಿಯ ಅತ್ತೆಗೆ ಬೆಳಿಗ್ಗೆಯೇ ಮೇಲುಸಿರು ಹತ್ತಿತು. ಡಾಕ್ಟರು ಬಂದು ನೋಡಿ, ಇನ್ನು ಅಲುಗಾಡಿಸಬೇಡಿ, ಮನೆಯಲ್ಲೇ ನೆಮ್ಮದಿಯಾಗಿ ಹೋಗಲಿ ಎಂದರು. ಅವರು ಇಳಿದು ಹೋಗುತ್ತಲೇ ಕೆಳಗಿನ ಮನೆಯಿಂದ ಓನರ್ ಪದ್ಮನಾಭಯ್ಯ ಮೂಗಿಗೆ ಕರ್ಚೀಫು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ.

"ಇವತ್ತು ಧನಿಷ್ಠಾ ನಕ್ಷತ್ರ ಕಣಮ್ಮಾ. ಇಲ್ಲಿ ಜೀವ ಹೋದ್ರೆ ಆರು ತಿಂಗಳು ಮನೆಗೆ ಬೀಗ ಹಾಕ್ಬೇಕು. ಆಮೇಲೆ ಯಾವನು ಬರ್ತಾನೆ ಬಾಡಿಗೆಗೆ? ಆಂಬುಲೆನ್ಸಿಗೆ ಹೇಳಿದೀನಿ, ಎತ್ಕೊಂಡು ಹೋಗಿ."

"ಸಾಯೋರನ್ನ ಎಲ್ಲಿಗೆ ಎತ್ಕೊಂಡು ಹೋಗೋಣ ಸಾರ್?"

"ಎಲ್ಲಿಗಾದ್ರೂ. ನನ್ನ ಗೇಟಿನಾಚೆಗೆ. ಇಲ್ಲಾಂದ್ರೆ ನೀವೂ ಜಾಗ ಖಾಲಿ ಮಾಡಿ."

ಇಂದುಮತಿಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು. ಗಂಡ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿದ. ಇಬ್ಬರೂ ಹಿಡಿದು ಮೆಟ್ಟಿಲು ಇಳಿಸುವಷ್ಟರಲ್ಲಿ ಮುದುಕಿಯ ಕತ್ತು ವಾಲಿತು. ಕೆಳಗೆ ನಿಂತಿದ್ದ ಓನರ್ ಹೆಂಡತಿಗೆ ತಡೆಯಲಾಗಲಿಲ್ಲ.

"ಅಯ್ಯೋ, ಒಳಗೆ ತನ್ನಿ, ಬಾಯಿಗೆ ನೀರಾದ್ರೂ ಬಿಡೋಣ" ಎಂದು ತನ್ನ ಮನೆಯ ಹಾಲ್‌ನಲ್ಲೇ ಚಾಪೆ ಹಾಸಿದಳು. ಎರಡನೇ ಚಮಚ ನೀರು ಗಂಟಲಿಗೆ ಇಳಿಯಲಿಲ್ಲ. ಪದ್ಮನಾಭಯ್ಯ ಗೇಟಿನಾಚೆ ಆಂಬುಲೆನ್ಸಿಗೆ ಕೈ ಬೀಸುತ್ತ ನಿಂತಿದ್ದ.

ಮಣ್ಣು ಮಾಡಿ ಬಂದ ಮರುದಿನ ಯಾರೋ ಬಾಗಿಲು ಬಡಿದರು. ತೆಗೆದರೆ, ಹಾಸಿಗೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪದ್ಮನಾಭಯ್ಯ ನಿಂತಿದ್ದ. ಕೆಳಗೆ ಅವನ ಮನೆಗೆ ಬೀಗ ಬಿದ್ದಿತ್ತು.

"ಆರೇ ತಿಂಗಳ ಮಾತು ಕಣಮ್ಮಾ" ಎಂದ. "ಮುದುಕಮ್ಮನ ರೂಮು ಹೇಗೂ ಖಾಲಿ ಆಯ್ತಲ್ಲ?"