ಬಿಳಿ ಕುದುರೆಯ ಕಾರ್ಡು

ಸೊಸೆ ತಿರುಗಿಸಿದ ಟ್ಯಾರೋ ಕಾರ್ಡಿನಲ್ಲಿ ಸಾವು ಕುದುರೆಯೇರಿ ಬಂದಿತ್ತು. ಎದುರಿಗೆ ಕೂತು ಭವಿಷ್ಯ ಕೇಳುತ್ತಿದ್ದವಳು ಅವಳಿಗೆ ಈ ವಿದ್ಯೆ ಕಲಿಸಿದ ಅತ್ತೆಯೇ. ಬಾಗಿಲ ಬಳಿ ಗಿರಾಕಿಯೊಬ್ಬಳು ಕಾಯುತ್ತಿದ್ದಳು. ಸೊಸೆಯ ಕೈ ತಾನಾಗಿ ಅರ್ಥ ಹೇಳುವ ಪುಸ್ತಕದತ್ತ ಹೋಯಿತು. ಅತ್ತೆ ಅದರ ಮೇಲೆ ಮೊಣಕೈ ಊರಿದಳು.

"ಪುಸ್ತಕ ಬೇಡ. ಚಿತ್ರದಲ್ಲಿ ಏನಿದೆಯೋ ಅದನ್ನ ಹೇಳು."

ಸೊಸೆ ಕಾರ್ಡಿನತ್ತ ಬಾಗಿದಳು. "ಕುದುರೆ ಬೆಳ್ಳಗಿದೆ ಅತ್ತೆ. ಹಿಂದೆ ಸೂರ್ಯ ಹುಟ್ತಿದಾನೆ. ಹೆದರೋ ಅಂಥದ್ದಲ್ಲ. ಬಹಳ ಕಾಲದಿಂದ ಹಿಡ್ಕೊಂಡಿದ್ದನ್ನ ನೀವು ಬಿಟ್ಟುಕೊಡ್ತೀರಿ."

"ಯಾರಿಗೆ?"

"ಅದು ಚಿತ್ರದಲ್ಲಿಲ್ಲ. ಇಲ್ಲದ್ದನ್ನ ನಾನು ಹೇಳಲ್ಲ."

ಅತ್ತೆ ಎದ್ದಳು. ಯಾರಿಗೂ ಮುಟ್ಟಗೊಡದ ತನ್ನ ಹಳೆಯ ಕಾರ್ಡುಗಳ ಕಟ್ಟನ್ನು ಸೊಸೆಯ ಮುಂದಿಟ್ಟಳು. ಗಿರಾಕಿಗೆ ತಾನೇ ಕುರ್ಚಿ ಎಳೆದುಕೊಟ್ಟಳು.

"ಕೂತ್ಕೊಳ್ಳಿ. ಇನ್ಮೇಲೆ ನನ್ನ ಸೊಸೆಯೇ ನೋಡೋದು. ಇಲ್ಲದ್ದನ್ನ ಇವಳು ಹೇಳಲ್ಲ."