ಎರಡು ಸೀಟಿನ ನೌಕೆ

ಬಾಗಿಲು ತೆರೆದದ್ದೇ ತಡ, ಮೋಹನದಾಸರು ತಪ್ಪಿಸಿಕೊಳ್ಳಲಿದ್ದ ಪುಟ್ಟ ನೌಕೆಯೊಳಗೆ ಹಾರಿ ಕುಳಿತು ಹಿಡಿಕೆಯನ್ನು ಎಳೆದೇಬಿಟ್ಟರು. ಬಾಗಿಲು ಮುಚ್ಚಿಕೊಂಡಿತು. ಒಳಗೆ ಇನ್ನೊಂದು ಸೀಟು ಖಾಲಿಯಿತ್ತು. ಟೀವಿ ಪರದೆಯ ಬಲ ಅರ್ಧದಲ್ಲಿ, ಹೆಂಡತಿ ರತ್ನಾವತಿ ಆಡಿಸುತ್ತಿದ್ದ ಹಸಿರು ಅಂಗಿಯ ಗಗನಯಾತ್ರಿ ಹೊಗೆಯೊಳಗಿಂದ ಓಡೋಡಿ ಬಂದು, ಮುಚ್ಚಿದ ಗಾಜಿಗೆ ಢಿಕ್ಕಿ ಹೊಡೆದು ನಿಂತ.

"ಅಯ್ಯೋ, ನಾನು ಬರುವುದು ಕಾಣಲಿಲ್ವಾ ನಿಮಗೆ?"

ಕಂಡಿತ್ತು. ಚೆನ್ನಾಗಿಯೇ ಕಂಡಿತ್ತು. ಮೋಹನದಾಸರು ಉತ್ತರ ಹುಡುಕುವಷ್ಟರಲ್ಲಿ ಹಿಂದೆ ಹೊತ್ತಿ ಉರಿಯುತ್ತಿದ್ದ ದೊಡ್ಡ ನೌಕೆ ಹಸಿರು ಅಂಗಿಯವನ ಸಮೇತ ಸಿಡಿಯಿತು. ಪರದೆಯೆಲ್ಲ ಕೆಂಪಾಯಿತು.

ಆಟ ತಂದವನು ಮಗ ಕೌಶಲ್. ಮೋಹನದಾಸರು ಕಾಲೇಜಿನ ದಿನಗಳಿಂದ ಒಂದನ್ನೂ ಬಿಡದೆ ನೋಡಿದ್ದ ಬಾಹ್ಯಾಕಾಶದ ಸಿನಿಮಾ ಸರಣಿಯನ್ನೇ ಹಿಡಿದು ಮಾಡಿದ ವಿಡಿಯೊ ಗೇಮ್ ಅದು. ಕೊನೆಯ ಹಂತ ದಾಟಲು ಇಬ್ಬರು ಬೇಕು. ಮುಂಬಯಿ ಬಳಿಯ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದು, ಕನ್ನಡದಲ್ಲಿ ಏನು ಕೇಳಿದರೂ ಹಿಂದಿಯಲ್ಲಿ ಉತ್ತರಿಸುವ ಕೌಶಲ್, "ಮೈ ನಹೀ, ಆಪ್ ಬಹುತ್ ಚಿಲ್ಲಾತೇ ಹೋ" ಎಂದು, ಅಪ್ಪ ತುಂಬಾ ಕಿರುಚುತ್ತಾರೆಂಬ ನೆವ ಹೇಳಿ ಜಾರಿಕೊಂಡಿದ್ದ. ಹಾಗಾಗಿ ಭಾನುವಾರದ ಊಟ ಮುಗಿಸಿ ಅಡ್ಡಾಗಲು ಹೊರಟಿದ್ದ ರತ್ನಾವತಿಯವರನ್ನು ಹಿಡಿದು ಸೋಫಾದಲ್ಲಿ ಕೂರಿಸಿ, ಕೈಗೆ ಕಂಟ್ರೋಲರ್ ಕೊಟ್ಟು, ಮೋಹನದಾಸರು ಭಾಷಣವನ್ನೂ ಮಾಡಿದ್ದರು. "ಹೆದರಬೇಡ. ಈ ಸಿನಿಮಾಗಳಲ್ಲಿ ಕ್ಯಾಪ್ಟನ್ ಅಂದ್ರೆ ಯಾರು? ಎಲ್ಲರನ್ನೂ ಹತ್ತಿಸಿ, ಕಟ್ಟಕಡೆಗೆ ತಾನು ಹತ್ತುವವ. ಈಗ ಇಲ್ಲಿ ನಾನೇ ಕ್ಯಾಪ್ಟನ್."

ಅಂಥ ಕ್ಯಾಪ್ಟನ್ ಈಗ ಎರಡು ಸೀಟಿನ ನೌಕೆಯಲ್ಲಿ ಒಬ್ಬನೇ ಕುಳಿತು ನಕ್ಷತ್ರಗಳ ನಡುವೆ ಹಾಯಾಗಿ ತೇಲುತ್ತಿದ್ದ.

ಕೌಶಲ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಪಪ್ಪಾ, ಆಪ್‌ನೇ ಫಿರ್ ಸೇ ಥಾಣೆ ಕರ್ ದಿಯಾ!"

ಅಪ್ಪ ಮತ್ತೆ ಮಾಡಿಬಿಟ್ಟರೆಂದು ಅವನು ಅಣಕಿಸಿದ ಆ ಥಾಣೆಯ ಕಥೆ ನೆಂಟರಿಗೆಲ್ಲ ಬಾಯಿಪಾಠ. ಯಾವ ಮದುವೆಗೆ ಹೋದರೂ ಮೋಹನದಾಸರೇ ಅದನ್ನು ಹೇಳಿ ನಗಿಸುತ್ತಿದ್ದರು. ಈಗ ಮಾನ ಮುಚ್ಚಿಕೊಳ್ಳಲು ಬೇರೆ ಬಟ್ಟೆ ಸಿಗದೆ ಅದಕ್ಕೇ ಕೈ ಹಾಕಿದರು.

"ಕ್ಯಾಪ್ಟನ್ ಎಂಥದ್ದು ಮಾರಾಯ, ನಾನು ಡೊಂಬಿವಲಿಯ ಪ್ಯಾಸೆಂಜರ್! ಮೂವತ್ತು ವರ್ಷ ಲೋಕಲ್ ಟ್ರೈನ್‌ನಲ್ಲಿ ಜೋತಾಡಿದ ಜೀವ. ಬಾಗಿಲು ಕಂಡರೆ ಈ ಕಾಲು ತಲೆಯನ್ನು ಕೇಳುವುದಿಲ್ಲ. ಮದುವೆಯಾಗಿ ಊರಿಂದ ಬಸ್ಸಿನಲ್ಲಿ ಬಂದು ಥಾಣೆಯಲ್ಲಿ ಇಳಿದೆವಾ? ಸ್ಟೇಷನ್ನಿಗೆ ಬಂದರೆ ಗಾಡಿ ಹೊರಡ್ತಾ ಉಂಟು. ಹಾರಿದೆ. ಪಕ್ಕದವನ ಪೇಪರ್ ಇಣುಕಿ ಕ್ರಿಕೆಟ್ ಸ್ಕೋರ್ ನೋಡಿದೆ. ಡೊಂಬಿವಲಿಯಲ್ಲಿ ಇಳಿದ ಮೇಲೆ ನೆನಪಾಯ್ತು, ಅರೇ, ನನಗೆ ಮದುವೆ ಆಗಿದೆಯಲ್ಲ!"

ಕೌಶಲ್ ಎಷ್ಟನೆಯ ಸಲವೋ ನಕ್ಕ. ಮೋಹನದಾಸರಿಗೆ ಹುರುಪು ಬಂತು.

"ವಾಪಸ್ ಓಡಿಹೋದರೆ ಈ ಮಹಾತಾಯಿ ಬಿಟ್ಟ ಜಾಗದಲ್ಲೇ, ಕಲ್ಲುಕಂಬದ ಹಾಗೆ, ಒಂದಿಂಚು ಕದಲದೆ ನಿಂತಿದ್ದಾಳೆ! ನನ್ನಂಥ ಪೆದ್ದನಿಗೆ ಇಂಥ ಹೆಂಡತಿ. ದೇವರು ಇದ್ದಾನೆ ನೋಡು."

"ನಾನು ಅಲ್ಲೇ ನಿಂತಿರಲಿಲ್ಲ," ಎಂದರು ರತ್ನಾವತಿ.

ಅವರ ಕಣ್ಣು ಕೆಂಪು ಪರದೆಯ ಮೇಲೇ ಇತ್ತು. ದನಿ ಏರಿರಲಿಲ್ಲ.

"ಎಂತ?"

"ಗಾಡಿ ಬರ್ತಾ ಇತ್ತು, ಹೋಗ್ತಾ ಇತ್ತು. ನೀವಿಲ್ಲ. ನನಗೆ ಹಿಂದಿ ಬರ್ತಿರಲಿಲ್ಲ, ಮರಾಠಿಯೂ ಇಲ್ಲ. ಮನೆಯ ವಿಳಾಸ ನಿಮ್ಮ ಜೇಬಿನಲ್ಲಿ. ಆಗ ಬ್ರಿಜ್ಜಿನ ಮೆಟ್ಟಿಲಲ್ಲಿ ಯಾರೋ ಇಬ್ಬರು ತುಳು ಮಾತಾಡುವುದು ಕೇಳಿತು. ಸಾಮಾನೆಲ್ಲ ಅಲ್ಲೇ ಬಿಟ್ಟು ಓಡಿದೆ. ಉಡುಪಿಯ ಬಸ್ಸು ಎಲ್ಲಿ ಸಿಗ್ತದೆ ಅಂತ ಕೇಳಿದೆ. ಪಾಪ, ಸರಿಯಾಗಿ ಹೇಳಿದ್ರು. ವಾಪಸ್ ಬಂದು ಸಾಮಾನು ಎತ್ತಲಿಕ್ಕೆ ಬಗ್ಗಿದ್ದೆ. ತಲೆ ಎತ್ತಿದರೆ ಎದುರಿಗೆ ನೀವು, ಹಲ್ಲು ಕಿಸಿದುಕೊಂಡು."

ಕೌಶಲ್‌ನ ನಗು ನಿಂತಿತು. "ಅಮ್ಮಾ, ನಿಜವಾಗ್ಲೂ ಊರಿಗೆ ಹೋಗಿಬಿಡ್ತಿದ್ದೆಯಾ?" ಎಂದ. ಕನ್ನಡದಲ್ಲೇ ಕೇಳಿದ್ದು ಅವನಿಗೂ ತಿಳಿಯಲಿಲ್ಲ.

"ಮತ್ತೆ? ಸುಮ್ಮನೆ ವಿಚಾರಿಸ್ತಾರಾ ಬಸ್ಸನ್ನು?"

ಮೋಹನದಾಸರು ಕೈಯಲ್ಲಿದ್ದ ಕಂಟ್ರೋಲರನ್ನು ತಿರುಗಿಸಿ ಮುರುಗಿಸಿ ನೋಡಿದರು. ತಮ್ಮನ್ನು ತಾವೇ ಮಂಗ ಮಾಡಿಕೊಂಡು ಎಷ್ಟು ಊಟದ ಪಂಕ್ತಿಗಳನ್ನು ನಗಿಸಿದ್ದರು! ನಕ್ಕವರಲ್ಲಿ ಈಕೆಯೂ ಇದ್ದಳೆಂದೇ ತಿಳಿದಿದ್ದರು. ಥಾಣೆಯ ಕಥೆ ಶುರುವಾದಾಗಲೆಲ್ಲ ಆಕೆ ಎದ್ದು, ಯಾರೂ ಕೇಳದಿದ್ದರೂ, ಸಾರಿನ ಪಾತ್ರೆ ಹಿಡಿದು ಬಡಿಸಲು ಹೋಗಿಬಿಡುತ್ತಿದ್ದದ್ದು ಈಗ ನೆನಪಿಗೆ ಬಂತು.

ಕಂಟ್ರೋಲರನ್ನು ಪಕ್ಕಕ್ಕಿಟ್ಟು ಕೇಳಿದರು, "ಹಾಗಾದರೆ ಹೋಗಲಿಲ್ಲ ಯಾಕೆ? ನನ್ನ ಮುಖ ನೋಡಿ ಪಾಪ ಅನ್ನಿಸಿತಾ?"

ರತ್ನಾವತಿ ಗುಂಡಿಯೊಂದನ್ನು ಒತ್ತಿದರು. ಸಿಡಿದುಹೋಗಿದ್ದ ನೌಕೆ ಮತ್ತೆ ಇಡಿಯಾಗಿ ಪರದೆಯ ಮೇಲೆ ಬಂದು ನಿಂತಿತು.

"ಪಾಪ ಎಂಥದ್ದು? ನಿಮ್ಮ ಬಟ್ಟೆಯ ಚೀಲವೂ ನನ್ನ ಹತ್ತಿರವೇ ಇತ್ತಲ್ಲ. ಅದನ್ನು ಯಾರ ಕೈಗೆ ಕೊಟ್ಟು ಹೋಗುವುದು?"